ಮಂಡಿ ನೋವಿದ್ದರೂ ಗಾಳ ಹಿಡಿದು ಹೊರಟಿದ್ದಾರೆ, ಕಳಿಸಲಾ?

ಪ್ರಶ್ನೆ: ನಮ್ಮ ಯಜಮಾನರಿಗೆ 66 ವರ್ಷ. ಹುಡುಗರಾಗಿದ್ದಾಗ ಗೆಳೆಯರ ಜೊತೆ ಹೇಮಾವತಿ ಕಡೆ ರಾತ್ರಿಯೆಲ್ಲಾ ಮೀನು ಹಿಡಿಯೋಕೆ ಹೋಗುತ್ತಿದ್ದರಂತೆ. ಈಗ ಅದೇ ಗೆಳೆಯರು ಸೇರಿ, ಮತ್ತೆ ಕಾಡಿನ ಹೊಳೆಗೆ ಹೋಗಿ ಎರಡು ರಾತ್ರಿ ಉಳಿಯಬೇಕು ಅಂತ ಹೊರಟಿದ್ದಾರೆ. ಇವರಿಗೆ ಮಂಡಿ ನೋವು, ಬಿ.ಪಿ. ಮಾತ್ರೆ ಬೇರೆ. ಬೇಡ ಅಂದರೆ ಮುಖ ಸಣ್ಣ ಮಾಡಿಕೊಳ್ಳುತ್ತಾರೆ. ಏನು ಮಾಡಲಿ?
— ಗೃಹಿಣಿ, ಆಲೂರು

ಉತ್ತರ: ಕಳಿಸಿ ತಂಗಿ. ಹೋಗೋದು ಬೇಡ ಅನ್ನಬೇಡಿ. ಎಲ್ಲಿಗೆ, ಯಾವಾಗ ಅನ್ನೋದನ್ನು ಮಾತ್ರ ಕೂತು ಮಾತಾಡಿ.

ನಾನು ಮೂಡಿಗೆರೆ ಕಡೆಯವನು. ಹೇಮಾವತಿ ಹುಟ್ಟುವ ಜಾವಳಿ ನಮಗೆ ದೂರವಲ್ಲ. ನಾವು ಹೋಗುತ್ತಿದ್ದಾಗ ವಾಟೆ ಬಿದಿರಿನ ಕೋಲು, ಮೀನು ಕಚ್ಚಿದ್ದು ಗೊತ್ತಾಗೋಕೆ ದಾರಕ್ಕೆ ಕಟ್ಟಿ ತೇಲಿಬಿಡುವ ನವಿಲುಗರಿ ಕಡ್ಡಿಯ ಬೆಂಡು, ತೆಂಗಿನ ಚಿಪ್ಪಿನಲ್ಲಿ ಹಸಿಮಣ್ಣಿನ ಜೊತೆ ಎರೆಹುಳ, ಇಷ್ಟೇ ಸರಂಜಾಮು. ಚೀಲದಲ್ಲಿ ಅಕ್ಕಿ, ಉಪ್ಪು, ಒಣಮೆಣಸಿನಕಾಯಿ, ಹುಣಸೆಹಣ್ಣು. ರಕ್ತ ಹೀರುವ ಇಂಬಳ ಹತ್ತದಿರಲಿ ಅಂತ ಕಾಲಿಗೆ ಹೊಗೆಸೊಪ್ಪು, ಸುಣ್ಣ. ಹೊತ್ತು ಮುಳುಗಿದ ಮೇಲೆ ಮಡುವಿನಲ್ಲಿ ಬಾಳೆಮೀನು ಓಡಾಡುತ್ತೆ ಅಂತ ಬಂಡೆ ಮೇಲೆ ಕಾಯುತ್ತಿದ್ದೆವು. ಎಷ್ಟು ಸಿಕ್ಕಿತು ಅನ್ನೋದೇ ಆಗ ಮುಖ್ಯ. ಕಡಿಮೆ ಹಿಡಿದವನಿಗೆ ಊರು ಸೇರುವ ತನಕ ತಮಾಷೆ.

ಈಗಲೂ ಹೋಗುತ್ತೇನೆ. ಬರಿಗೈಯಲ್ಲಿ ಬಂದರೂ ಬೇಜಾರಿಲ್ಲ. ನಮ್ಮ ಕಡೆ ಗಂಡಸರು ಎದುರುಬದುರು ಕೂತು ಮನಸ್ಸಿನ ಮಾತು ಆಡೋದು ಕಡಿಮೆ, ಅಲ್ವಾ? ನೀರಿನ ಕಡೆ ಮುಖ ಮಾಡಿ ಪಕ್ಕಪಕ್ಕ ಕೂತಾಗ ಆಡುತ್ತಾರೆ. ನನ್ನ ಗೆಳೆಯನೊಬ್ಬ ಹೆಂಡತಿ ತೀರಿಕೊಂಡ ಮೇಲೆ ಯಾರ ಹತ್ತಿರವೂ ಅದರ ಬಗ್ಗೆ ಬಾಯಿ ಬಿಟ್ಟಿರಲಿಲ್ಲ. ಒಂದು ದಿನ ಹೊಳೆ ದಡದಲ್ಲಿ ತಾನಾಗಿಯೇ ಶುರು ಮಾಡಿದ. ಕೊನೆಯ ವಾರ ಆಕೆ ಏನು ಊಟ ಕೇಳಿದಳು, ಇವನು ಏನು ಮಾಡಿಕೊಟ್ಟ, ಎಲ್ಲಾ ಹೇಳಿದ. ಬೆಂಡಿನ ಮೇಲಿಂದ ಕಣ್ಣು ತೆಗೆಯಲಿಲ್ಲ. ನಾನೂ ತೆಗೆಯಲಿಲ್ಲ. ಬೆಂಡು ಎರಡು ಸಲ ಕುಣಿದು ಅಡ್ಡಬಿತ್ತು, ಇಬ್ಬರೂ ಕೋಲು ಎತ್ತಲಿಲ್ಲ. ನಿಮ್ಮ ಯಜಮಾನರಿಗೂ ಇಂಥದ್ದೇನೋ ಬೇಕಾಗಿರಬಹುದು. ಅವರ ಮುಖ ಸಣ್ಣಗಾಗೋದು ಬರೀ ಮೀನಿಗಲ್ಲ.

ಆದರೆ ಎರಡು ರಾತ್ರಿ ಕಾಡಿನಲ್ಲಿ ಮಲಗೋದನ್ನು ನಾನೂ ಒಪ್ಪಲ್ಲ. ಆಲೂರು, ಸಕಲೇಶಪುರ, ಬೇಲೂರು ಕಡೆ ಆನೆ ಕಾಟ ನಿಮಗೆ ನಾನು ಹೇಳಬೇಕಾಗಿಲ್ಲ. ಬೆಳಗಿನ ಜಾವ, ಮುಸ್ಸಂಜೆ ಅವು ತೋಟದಿಂದ ತೋಟಕ್ಕೆ, ನೀರಿಗೆ ಓಡಾಡುತ್ತವೆ. ನಾವು ಮೀನಿಗೆ ಆರಿಸಿಕೊಳ್ಳೋದೂ ಅದೇ ಹೊತ್ತು! ಹತ್ತಿರದ ನೆಂಟರ ಮನೆಯಲ್ಲಿ ರಾತ್ರಿ ಉಳಿದು, ಬಿಸಿಲು ಬಂದ ಮೇಲೆ ಹೊಳೆಗೆ ಇಳಿಯಲಿ. ಆನೆ ಎಲ್ಲಿದೆ ಅಂತ ಅರಣ್ಯ ಇಲಾಖೆಯವರು ಮೊಬೈಲಿಗೆ ಕಳಿಸುವ ಸಂದೇಶ ನೋಡಿಯೇ ಹೊರಡಲಿ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದ ಒಳಗೆ ಗಾಳ ಹಾಕೋ ಮಾತೇ ಬೇಡ. ಊರಿನ ಕೆರೆಯಾದರೆ ಗುತ್ತಿಗೆ ಹಿಡಿದವರನ್ನು ಒಂದು ಮಾತು ಕೇಳಲಿ.

ಮಳೆಗಾಲದಲ್ಲಂತೂ ಬೇಡವೇ ಬೇಡ. ದೀಪಾವಳಿ ಕಳೆದು ನೀರು ತಿಳಿಯಾದ ಮೇಲೆ ಹೋಗಲಿ. ಸಕಲೇಶಪುರದಲ್ಲಿ ಬಿಸಿಲಿದ್ದರೂ ಮೇಲೆ ಮೂಡಿಗೆರೆ ಗುಡ್ಡದಲ್ಲಿ ಮಳೆ ಸುರಿದಿರುತ್ತೆ. ತಿಳಿ ನೀರು ಕೆಂಪಗಾಗಿ, ಒಣ ಎಲೆ, ಕಡ್ಡಿ ತೇಲಿಬಂದರೆ ಗಾಳ, ಚೀಲ ಅಲ್ಲೇ ಬಿಟ್ಟು ದಡ ಹತ್ತಬೇಕು. ಹುಡುಗನ ಕಾಲಿಗೆ ನೆಗೆಯೋಕೆ ಆಗುತ್ತಿತ್ತು, ಮಂಡಿ ನೋವಿನ ಕಾಲಿಗೆ ಟೈಮ್ ಬೇಕು. ಪಾಚಿ ಬಂಡೆಗೆ ಹವಾಯಿ ಚಪ್ಪಲಿ ಆಗಲ್ಲ, ಹಿಡಿತವಿರುವ ಶೂ ಬೇಕು, ಕೈಯಲ್ಲಿ ಊರುಗೋಲು ಬೇಕು. ಮಾತ್ರೆಗಳನ್ನು ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಅಂಗಿ ಜೇಬಿಗೆ ನೀವೇ ಹಾಕಿ. ಬ್ಯಾಗಿನಲ್ಲಿಟ್ಟರೆ ಬ್ಯಾಗು ಜೀಪಿನಲ್ಲೇ ಉಳಿಯುತ್ತೆ. ಹೊಳೆಯ ಯಾವ ಜಾಗ, ಎಷ್ಟು ಹೊತ್ತಿಗೆ ವಾಪಸ್ ಅನ್ನೋದನ್ನು ಚೀಟಿಯಲ್ಲಿ ಬರೆದು ಕೊಟ್ಟು ಹೋಗಲಿ. ಅಲ್ಲೆಲ್ಲಾ ನೆಟ್‌ವರ್ಕ್ ನಂಬೋ ಹಾಗಿಲ್ಲ.

ಒಂದು ಸಲ ನೀವೂ ಜೊತೆಗೆ ಹೋಗಿ. ಮೀನು ಬರುವ ತನಕ ಮಾತಾಡಬೇಡ ಅಂತ ಅವರು ಹೇಳಿದರೆ ಕೇಳಬೇಡಿ.

ಪ್ರಶ್ನೆ: ಮೊದಲ ಮಳೆಗೆ ಗದ್ದೆಗೆ ಏರಿಬರುವ ಹತ್ತುಮೀನು ಹಿಡಿಯೋದು ನಮ್ಮಲ್ಲಿ ತಲೆತಲಾಂತರದಿಂದ ಇದೆ. ಅದೂ ತಪ್ಪಾ?
— ಕಾಲೇಜು ವಿದ್ಯಾರ್ಥಿ, ಕೊಪ್ಪ

ಉತ್ತರ: ಆ ಮೀನು ಹತ್ತೋದು ಮೊಟ್ಟೆ ಇಡೋಕೆ. ಹೊಟ್ಟೆ ಕೊಯ್ದರೆ ಒಳಗೆ ಬರೀ ಮೊಟ್ಟೆ. ಹಿಂದೆ ಕೂಣಿ (ಮೀನು ಹಿಡಿಯುವ ಬಿದಿರಿನ ಬುಟ್ಟಿ) ಇಟ್ಟವರು ಮನೆಗೆ ಒಂದು ಸಾರಿಗಾಗುವಷ್ಟು ಹಿಡಿದು ಸುಮ್ನಾಗುತ್ತಿದ್ದರು. ಈಗ ಹಳ್ಳದ ಅಡ್ಡಕ್ಕೇ ಬಲೆ ಕಟ್ಟುತ್ತಾರೆ, ಕರೆಂಟ್ ಬಿಡುತ್ತಾರೆ. ಮೇಲೆ ಹತ್ತೋಕೆ ಒಂದೂ ಉಳಿಯಲ್ಲ. ನೀರಿಗೆ ತೋಟೆ (ಸಿಡಿಮದ್ದು) ಸಿಡಿಸೋದು, ವಿಷ ಹಾಕೋದು ಕಾನೂನಿನಲ್ಲೇ ಅಪರಾಧ. ಕರೆಂಟ್ ಅಂತೂ ಮರಿ, ಏಡಿ ಯಾವುದನ್ನೂ ಬಿಡಲ್ಲ, ಹಿಡಿಯೋಕೆ ಇಳಿದವನನ್ನೂ ಬಿಡಲ್ಲ. ನನ್ನ ಮಾತು ಕೇಳೋದಾದರೆ ಮೊದಲ ಮಳೆಯ ಮೀನನ್ನು ಪೂರ್ತಿ ಬಿಟ್ಟುಬಿಡಿ, ಚಳಿಗಾಲದಲ್ಲಿ ಗಾಳ ಹಾಕಿ. ಸಣ್ಣದು ಸಿಕ್ಕರೆ ಮೊದಲು ಕೈ ಒದ್ದೆ ಮಾಡಿಕೊಂಡು ಗಾಳ ಬಿಡಿಸಿ. ಒಣ ಕೈ ತಾಗಿದರೆ ಮೈಮೇಲಿನ ಲೋಳೆ ಹೋಗಿ ಆಮೇಲೆ ಬೂಸ್ಟು ಹಿಡಿಯುತ್ತೆ. ದೊಡ್ಡ ಮೀನು ನೋಡೋ ಆಸೆ ಇದ್ದರೆ ಶೃಂಗೇರಿ ನಿಮಗೆ ಹತ್ತಿರವೇ. ತುಂಗೆಯ ಮೆಟ್ಟಿಲ ಮೇಲೆ ಒಂದು ಹಿಡಿ ಮಂಡಕ್ಕಿ ಎಸೆದು ನೋಡಿ.