ಬಾಯಿಯೇ ಇಲ್ಲದ ಸಮುದ್ರದ ಡಯಾಟಮ್ ಊಟ ಹೇಗೆ ಮಾಡುತ್ತದೆ?

ಮೈಮೇಲಿನ ಪೊರೆಯಿಂದಲೇ. ನೀರಲ್ಲಿ ತೇಲುವ ಈ ಒಂಟಿಕೋಶದ ಪ್ಲಾಂಕ್ಟನ್ ಸಕ್ಕರೆಯನ್ನು ಬಿಸಿಲಿನಲ್ಲಿ ತಾನೇ ಮಾಡಿಕೊಳ್ಳುತ್ತದೆ. ಹೊರಗಿಂದ ಬೇಕಾಗುವುದು ನೈಟ್ರೇಟ್, ಕರಗಿದ ಸಿಲಿಕಾದಂಥ ಗೊಬ್ಬರ. ಪೊರೆಯಲ್ಲಿ ಕೂತಿರುವ ಪ್ರೋಟೀನ್‌ಗಳು ಅದನ್ನು ಅಣು ಅಣುವಾಗಿ ಒಳಗೆ ಎಳೆದುಕೊಳ್ಳುತ್ತವೆ.

ಎಳೆಯುವ ಬಲ ಬರುವುದು ಉಪ್ಪಿನಿಂದ! ಸಮುದ್ರದಲ್ಲಿ ಸೋಡಿಯಂ ಜಾಸ್ತಿ, ಕೋಶದೊಳಗೆ ಕಡಿಮೆ. ಹಾಗಾಗಿ ಸೋಡಿಯಂ ಒಳಗೆ ನುಗ್ಗಲು ನೋಡುತ್ತಿರುತ್ತದೆ. ಹುಬ್ಬಳ್ಳಿಯಲ್ಲಿ ಚಿಗರಿ ಬಸ್ಸಿನ ಬಾಗಿಲು ತೆರೆದಾಗ, ನುಗ್ಗುವ ಅವ್ವನ ಕೈಹಿಡಿದ ಮಗುವೂ ಒಳಗೆ ಹೋಗುತ್ತದೆ ಅಲ್ವಾ? ಹಾಗೆಯೇ ಆ ಪ್ರೋಟೀನು ಸೋಡಿಯಂ ಜೊತೆ ಸಿಲಿಕಾವನ್ನೂ ಒಳಗೆ ಬಿಡುತ್ತದೆ. ಇದು ಸುಮ್ನೆ ಸಿಗುವುದಲ್ಲ: ಒಳಬಂದ ಸೋಡಿಯಂ ಅನ್ನು ಕೋಶ ತನ್ನ ಶಕ್ತಿ ಖರ್ಚು ಮಾಡಿ ಮತ್ತೆ ಹೊರಗೆ ತಳ್ಳಬೇಕು.

ಬೇಟೆಯಾಡುವ ಪ್ಲಾಂಕ್ಟನ್‌ಗಳ ದಾರಿ ಬೇರೆ. ಅವು ಪೊರೆಯನ್ನೇ ಚೀಲದಂತೆ ಮಡಚಿ ಇಡೀ ಬ್ಯಾಕ್ಟೀರಿಯಾವನ್ನು ನುಂಗುತ್ತವೆ.