ಟ್ರಯಲ್ಸ್ ಬೈಕ್: ‘ಪರವಾಗಿಲ್ಲ’ದಿಂದ ‘ಅಬ್ಬಾ’ವರೆಗೆ ಹೋಗೋದು ಹೇಗೆ?

ನೀವು ಕೇಳಿರೋದು ಇಷ್ಟು: ಮೂರು ವರ್ಷದಿಂದ ಬೆಂಗಳೂರಲ್ಲಿ ಟ್ರಯಲ್ಸ್ ಗಾಡಿ ಓಡಿಸ್ತಿದ್ದೀರಿ, ವಯಸ್ಸು 29, ಸೊಂಟದೆತ್ತರದ ಬಂಡೆ ಹತ್ತುತ್ತೀರಿ, ಮುಂದಿನ ಚಕ್ರ ಎತ್ತಿ ನಿಂತಲ್ಲೇ ಗಾಡಿ ತಿರುಗಿಸ್ತೀರಿ, ಆದರೆ ಒಂದು ವರ್ಷದಿಂದ ಇದ್ದಲ್ಲೇ ಇದ್ದೀರಿ. ಒಳ್ಳೆ ರೈಡರ್ ಅಸಾಮಾನ್ಯ ರೈಡರ್ ಆಗೋದು ಎಲ್ಲಿ ಅಂತ ನಿಮ್ಮ ಪ್ರಶ್ನೆ.

ಉತ್ತರ ಕೊಡೋ ಮುಂಚೆ ನಂದೊಂದು ಪ್ರಶ್ನೆ. ಆ ಸೊಂಟದೆತ್ತರದ ಬಂಡೆ ಎಷ್ಟನೇ ಸಲಕ್ಕೆ ಹತ್ತಿದಿರಿ?

ನಾನು ಹದಿನಾಲ್ಕು ವರ್ಷದಿಂದ ಓಡಿಸ್ತಿದ್ದೀನಿ. ‘ಒಳ್ಳೆ ರೈಡರ್’ ಅನ್ನೋ ಸ್ಟಾಪಲ್ಲೇ ಇಳಿದುಬಿಟ್ಟವನು. ಹಾಗಾಗಿ ಮುಂದಕ್ಕೆ ಹೋದವರನ್ನ ಹಿಂದಿನಿಂದ ನೋಡೋ ಅವಕಾಶ ಚೆನ್ನಾಗಿ ಸಿಕ್ಕಿದೆ. ನನಗೆ ಈ ಪ್ರಶ್ನೆಯನ್ನ ಯಾರಾದರೂ ಹತ್ತು ವರ್ಷ ಮುಂಚೆ ಕೇಳಿದ್ದಿದ್ರೆ, ‘ಐದನೇ ಸಲಕ್ಕೆ, ಆದರೆ ಹತ್ತಿದೆನಲ್ಲ!’ ಅಂತ ಎದೆ ಉಬ್ಬಿಸಿ ಹೇಳ್ತಿದ್ದೆ.

ಈ ಆಟ ಗೊತ್ತಿಲ್ಲದವರೂ ಓದ್ತಿರಬಹುದು, ಅವರಿಗಾಗಿ ಎರಡು ಮಾತು. ಟ್ರಯಲ್ಸ್ ಗಾಡಿಗೆ ಸೀಟೇ ಇರಲ್ಲ, ತೂಕ ಎಪ್ಪತ್ತು ಕೇಜಿ ಆಸುಪಾಸು, ವೇಗಕ್ಕೆ ಬೆಲೆ ಇಲ್ಲ. ಬಂಡೆ, ಹಳ್ಳ, ಮರದ ದಿಮ್ಮಿ ಇರೋ ಒಂದು ಸಣ್ಣ ಜಾಗಕ್ಕೆ ಪಟ್ಟಿ ಕಟ್ಟಿ ‘ಸೆಕ್ಷನ್’ ಅಂತಾರೆ. ಅದರೊಳಗೆ ಕಾಲು ಒಂದು ಸಲ ನೆಲಕ್ಕೆ ತಾಗಿದರೆ ಒಂದು ಪಾಯಿಂಟ್, ಎರಡು ಸಲಕ್ಕೆ ಎರಡು, ಮೂರೋ ಅದಕ್ಕಿಂತ ಹೆಚ್ಚೋ ಆದರೆ ಮೂರು. ಬಿದ್ದರೆ, ಪಟ್ಟಿ ದಾಟಿದರೆ ಐದು. ಎಲ್ಲೂ ಕಾಲಿಡದೆ ದಾಟಿದರೆ ಸೊನ್ನೆ. ಕಡಿಮೆ ಪಾಯಿಂಟ್ ಇದ್ದವನೇ ಗೆದ್ದ. ಲೆಕ್ಕದ ಪರೀಕ್ಷೆಯಲ್ಲಿ ಸೊನ್ನೆ ತಗೊಂಡು ಬೈಸಿಕೊಂಡವರಿಗೆ ಹೇಳಿ ಮಾಡಿಸಿದ ಆಟ.

ಸೆಕ್ಷನ್ನನ್ನ ಕಾಲ್ನಡಿಗೆಯಲ್ಲಿ ನೋಡಿಕೊಂಡು ಬರಬಹುದು. ಗಾಡಿ ತಗೊಂಡು ಮಾತ್ರ ಸುತ್ತಿಗೆ ಒಂದೇ ಸಲ ಒಳಗೆ ಹೋಗೋದು. ನಮ್ಮ ಪ್ರಾಕ್ಟೀಸ್ ಹೇಗಿರುತ್ತೆ? ಒಂದೇ ಕಲ್ಲಿಗೆ ಇಪ್ಪತ್ತು ಸಲ ಗುದ್ದಾಡ್ತೀವಿ. ಹದಿನೈದನೇ ಸಲ ಹತ್ತುತ್ತೆ. ಗೆಳೆಯ ವಿಡಿಯೋ ಮಾಡಿರ್ತಾನೆ, ಸ್ಟೇಟಸ್‌ಗೆ ಹಾಕ್ತೀವಿ, ಮನೆಗೆ ಹೋಗ್ತೀವಿ. ಆಟ ಕೇಳೋದು ಮೊದಲ ಪ್ರಯತ್ನವನ್ನ, ನಾವು ಕಲೀತಿರೋದು ಹದಿನೈದನೆಯದನ್ನ.

ಇದು ನನಗೆ ಹೊಳೆದಿದ್ದು ಒಬ್ಬ ಹುಡುಗನನ್ನ ನೋಡಿ. ನಮ್ಮ ಗುಂಪಿಗೆ ಬಂದಾಗ ಅವನಿಗೆ ಹದಿನಾರು, ತೂಕ ಐವತ್ತು ಕೇಜಿಯೂ ಇರಲಿಲ್ಲ. ನಮ್ಮನಮ್ಮಲ್ಲೇ ಒಂದು ಸಣ್ಣ ಪಂದ್ಯ ಇಟ್ಕೊಂಡಿದ್ವಿ. ನಾವೆಲ್ಲ ಸೆಕ್ಷನ್ ಒಂದು ರೌಂಡ್ ನೋಡಿ, ‘ಆಯ್ತು, ಎಡಕ್ಕೆ ಹೋಗಿ ಮೇಲೆ’ ಅಂತ ಟೀ ಕುಡಿಯೋಕೆ ಹೋದ್ವಿ. ಅವನು ಕೂತ್ಕೊಂಡು ನೋಡಿದ, ಎದ್ದು ನೋಡಿದ, ಮೇಲಿಂದ ಕೆಳಕ್ಕೆ ಹಿಮ್ಮುಖವಾಗಿ ನಡ್ಕೊಂಡು ಬಂದ. ಒಂದು ಕಲ್ಲನ್ನ ಕಾಲಲ್ಲಿ ಒತ್ತಿ ಅಲ್ಲಾಡುತ್ತಾ ಅಂತ ನೋಡಿದ. ನಾನು ನಗಾಡಿದೆ. ಆ ಅಲ್ಲಾಡೋ ಕಲ್ಲಿನ ಮೇಲೇ ನಾನು ಐದು ತಗೊಂಡೆ, ಅವನು ಪಕ್ಕದಿಂದ ಸೊನ್ನೆಯಲ್ಲಿ ಹೋದ. ಅವನಿಗಿಂತ ದೊಡ್ಡ ಬಂಡೆ ಹತ್ತೋರು ಅವತ್ತು ನಾಲ್ಕು ಜನ ಇದ್ವಿ.

ಅವತ್ತಿನಿಂದ ಒಂದು ನೋಟ್‌ಬುಕ್ ಇಟ್ಕೊಂಡಿದ್ದೀನಿ. ಭಾನುವಾರ ಬೆಳಗ್ಗೆ ಹೋದ ತಕ್ಷಣ ಹಿಂದೆ ಮುಟ್ಟಿರದ ಹತ್ತು ಜಾಗ ಆರಿಸ್ತೀನಿ, ನಡೆದು ನೋಡ್ತೀನಿ, ಪ್ರತಿಯೊಂದಕ್ಕೂ ಒಂದೇ ಅವಕಾಶ. ಬರೆಯೋದು ಆ ಒಂದರ ಫಲಿತಾಂಶ ಮಾತ್ರ. ಮೊದಲ ವಾರ ಹತ್ತರಲ್ಲಿ ಎರಡು ಬಂತು. ಆಮೇಲೆ ಅವೇ ಹತ್ತನ್ನ ಮೂರನೇ ಪ್ರಯತ್ನದೊಳಗೆ ಒಂಬತ್ತು ದಾಟಿದೆ. ಅಂದರೆ ಕೈಕಾಲಿಗೆ ಕೆಲಸ ಗೊತ್ತಿತ್ತು, ಕಣ್ಣಿಗೆ ಗೊತ್ತಿರಲಿಲ್ಲ. ನೀವೂ ಒಂದು ತಿಂಗಳು ಹೀಗೆ ಬರೆದು ನೋಡಿ, ಹೊಟ್ಟೆ ಉರಿಯುತ್ತೆ.

ಕಣ್ಣು ಪಳಗಿಸೋಕೆ ಗಾಡಿ ಬೇಕಾಗಿಲ್ಲ. ಬೆಳಗ್ಗೆ ಲಾಲ್‌ಬಾಗ್ ಬಂಡೆಗೆ ಹೋಗಿ. ಸುಮಾರು ಮುನ್ನೂರು ಕೋಟಿ ವರ್ಷದ ಕಲ್ಲು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಬೋರ್ಡೂ ಇದೆ. ಜನ ಕೆಂಪೇಗೌಡ ಗೋಪುರದ ಪಕ್ಕ ಫೋಟೋ ತೆಗಿಸ್ಕೊಳ್ತಿರ್ತಾರೆ, ನೀವು ಕಲ್ಲು ನೋಡಿ. ಮಳೆ ನೀರು ಹರಿದು ಕಪ್ಪು ಪಟ್ಟೆ ಬಿದ್ದಿರುತ್ತಲ್ಲ, ಒಣಗಿದಾಗ ಅದರ ಮೇಲೆ ಟೈರ್ ಹಿಡಿಯುತ್ತೆ, ಒದ್ದೆಯಾದರೆ ಸೋಪಿನ ಹಾಗೆ. ಬಂಡೆ ಹಪ್ಪಳದಂತೆ ಎದ್ದು ಪುಡಿಯಾದ ಕಡೆ ಸಣ್ಣ ಮರಳು ಕೂತಿರುತ್ತೆ, ಅಲ್ಲಿ ಹಿಂದಿನ ಚಕ್ರ ಸುಮ್ಮನೆ ತಿರುಗುತ್ತೆ. ಇಂಥದ್ದನ್ನ ನೂರು ಸಲ ನೋಡಿದ ಮೇಲೆ ರಾಮನಗರದ ಕಡೆಯ ಕಲ್ಲು ನೋಡಿದಾಗ ಅದು ತಾನಾಗೇ ಮಾತಾಡುತ್ತೆ. (ಲಾಲ್‌ಬಾಗಿಗೆ ಶೂ ಮಾತ್ರ ಸಾಕು. ಗಾಡಿ ತರಬೇಡಿ ಅಂತ ಹೇಳಬೇಕಾಗಿಲ್ಲ ಅಂದ್ಕೊಂಡಿದ್ದೀನಿ.)

ಇನ್ನು ಕೈಕಾಲಿನ ವಿಷಯ. ಕಲ್ಲು ಹತ್ತೋದು, ಬಿಡೋದು ಎಲ್ಲಾ ಕಲ್ಲಿಗಿಂತ ಒಂದು ಗಾಡಿ ಉದ್ದ ಹಿಂದೆಯೇ ತೀರ್ಮಾನ ಆಗಿರುತ್ತೆ. ಮುಂದಿನ ಚಕ್ರ ಕಲ್ಲಿನ ಮುಖಕ್ಕೆ ಯಾವ ಎತ್ತರದಲ್ಲಿ ತಾಗಿತು, ಆ ಕ್ಷಣ ಮಂಡಿ ಎಷ್ಟು ಬಗ್ಗಿತ್ತು, ಕ್ಲಚ್ ಬಿಟ್ಟ ಬೆರಳೂ ಮೇಲೆ ಚಿಮ್ಮಿದ ಕಾಲೂ ಒಟ್ಟಿಗೆ ಕೆಲಸ ಮಾಡಿದವಾ, ಇಷ್ಟೇ. ಬೆರಳು ಒಂದು ಗಳಿಗೆ ಮುಂಚೆ, ಕಾಲು ಒಂದು ಗಳಿಗೆ ಆಮೇಲೆ ಆದರೆ ‘ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು’ ಅನ್ನೋ ಸ್ಥಿತಿ. ಒಳ್ಳೆ ರೈಡರ್ ಅದನ್ನ ಆಕ್ಸಿಲರೇಟರ್ ಕೊಟ್ಟು ಮುಚ್ಚಿ ಹಾಕ್ತಾನೆ. ಸೊಂಟದೆತ್ತರದವರೆಗೆ ಆ ಸುಳ್ಳು ನಡೆಯುತ್ತೆ, ಎದೆಯೆತ್ತರಕ್ಕೆ ನಡೆಯಲ್ಲ. ನೀವು ಸಿಕ್ಕಿಹಾಕಿಕೊಂಡಿರೋದು ಇಲ್ಲೇ ಅಂತ ನನ್ನ ಗುಮಾನಿ.

ಇದಕ್ಕೆ ನಾನು ಮಾಡೋ ಉಪಾಯ ರಂಗೋಲಿ ಪುಡಿ. ನಗಬೇಡಿ. ಮಂಡಿಯೆತ್ತರದ, ಕಣ್ಣು ಮುಚ್ಚಿ ಹತ್ತಬಹುದಾದ ಕಲ್ಲಿನ ಮುಖಕ್ಕೆ ತೆಳ್ಳಗೆ ಒಂದು ಗೆರೆ ಬಳೀತೀನಿ (ದಪ್ಪ ಆದರೆ ಜಾರುತ್ತೆ). ಮುಂದಿನ ಚಕ್ರ ಆ ಗೆರೆಗೇ ತಾಗಬೇಕು. ತಾಗಿತಾ ಇಲ್ಲವಾ ಅಂತ ವಾದ ಮಾಡೋ ಹಾಗಿಲ್ಲ, ಟೈರಿನ ಮೇಲೆ ಬಿಳಿ ಇರುತ್ತೆ ಅಥವಾ ಇರಲ್ಲ. ಮೊದಲ ದಿನ ನನ್ನ ಟೈರು ನಾಲ್ಕು ಬೆರಳು ಮೇಲೆ, ಮೂರು ಬೆರಳು ಕೆಳಗೆ, ಎಲ್ಲೆಲ್ಲೋ ತಾಗಿತ್ತು. ಆದರೂ ಪ್ರತಿ ಸಲ ಕಲ್ಲು ಹತ್ತಿದ್ದೆ! ಹತ್ತಿದ್ದರಿಂದಲೇ ಅಷ್ಟು ವರ್ಷ ಗೊತ್ತಾಗದೆ ಉಳಿದಿತ್ತು. ಅಮ್ಮ ಒಂದು ದಿನ ಡಬ್ಬಿ ಖಾಲಿ ಆಗಿದ್ದು ನೋಡಿ, ‘ಹಬ್ಬದ ದಿನ ಬಾಗಿಲಿಗೆ ಹಾಕೋಕೆ ಪುಡಿ ಇಲ್ಲ, ಇವನು ಕಾಡುಕಲ್ಲಿಗೆ ರಂಗೋಲಿ ಹಾಕಿ ಬರ್ತಾನೆ’ ಅಂತ ಪಕ್ಕದ ಮನೆಯವರಿಗೆಲ್ಲ ಹೇಳ್ಕೊಂಡು ಬಂದ್ರು.

ದೊಡ್ಡವರ ಕಥೆಯಲ್ಲೂ ಇದೇ ಕಾಣುತ್ತೆ. 1987ರಿಂದ 1995ರೊಳಗೆ ಏಳು ಸಲ ವಿಶ್ವ ಚಾಂಪಿಯನ್ ಆದ ಸ್ಪೇನಿನ ಜೋರ್ಡಿ ಟಾರೆಸ್ ಮೊದಲು ಸೈಕಲ್ ಟ್ರಯಲ್ಸ್ ಆಡ್ತಿದ್ದವನು. ನಿಂತಲ್ಲೇ ಗಾಡಿ ಕುಣಿಸಿ ಜಾಗ ಸರಿಮಾಡಿಕೊಳ್ಳೋ ವಿದ್ಯೆಯನ್ನ ಸೈಕಲ್ಲಿಂದಲೇ ಎಂಜಿನ್ ಗಾಡಿಗೆ ತಂದ, ಆಟದ ಸ್ವರೂಪವೇ ಬದಲಾಯ್ತು. ಟೋನಿ ಬೋವ್ ಕೂಡ ಸೈಕಲ್ಲಿಂದಲೇ ಬಂದವನು. 2007ರಿಂದ 2024ರವರೆಗೆ ಒಂದು ವರ್ಷವೂ ತಪ್ಪದೆ ಒಳಾಂಗಣ, ಹೊರಾಂಗಣ ಎರಡೂ ವಿಶ್ವ ಪಟ್ಟ ಗೆದ್ದಿದ್ದಾನೆ, ಒಟ್ಟು 36. ಬ್ರಿಟನ್ನಿನ ಡೂಗಿ ಲ್ಯಾಂಪ್ಕಿನ್ 2016ರಲ್ಲಿ ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ‘ಟಿಟಿ’ ಅನ್ನೋ ಬೈಕ್ ರೇಸ್ ನಡೆಯೋ ರಸ್ತೆಯ ಸುಮಾರು 60 ಕಿಲೋಮೀಟರನ್ನ ಒಂದೇ ಚಕ್ರದ ಮೇಲೆ ಮುಗಿಸಿದ, ಒಂದೂವರೆ ಗಂಟೆಗೂ ಹೆಚ್ಚು. ವೀಲಿ ಅಂದರೆ ನಾವು ಮೊದಲ ತಿಂಗಳಲ್ಲಿ ಕಲಿತು, ‘ಬಂತು’ ಅಂತ ಪಕ್ಕಕ್ಕಿಟ್ಟ ವಿದ್ಯೆ.

ಆದ್ದರಿಂದ ದುಡ್ಡು ಖರ್ಚು ಮಾಡೋದಿದ್ರೆ ಹೊಸ ಸಸ್ಪೆನ್ಷನ್‌ಗೆ ಹಾಕಬೇಡಿ, ಒಂದು ಟ್ರಯಲ್ಸ್ ಸೈಕಲ್ ತಗೊಳ್ಳಿ. ಬೆಂಗಳೂರಲ್ಲಿ ಗಾಡಿಯನ್ನ ಟಾಟಾ ಏಸ್‌ಗೆ ಹಾಕ್ಕೊಂಡು ಊರು ದಾಟೋದ್ರೊಳಗೆ ಅರ್ಧ ದಿನ ಹೋಗುತ್ತೆ, ವಾರಕ್ಕೆ ಒಂದು ದಿನ ಸಿಕ್ಕರೆ ಪುಣ್ಯ. ಸೈಕಲ್ ಆದರೆ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಲ್ಲಿ ದಿನಾ ರಾತ್ರಿ ಇಪ್ಪತ್ತು ನಿಮಿಷ. ಸೆಕ್ಯೂರಿಟಿಯವರು ಮೊದಲ ವಾರ ಬೈತಾರೆ, ಎರಡನೇ ವಾರ ಎಣಿಸೋಕೆ ಶುರು ಮಾಡ್ತಾರೆ.

ಟೈರ್ ಗಾಳಿ ಬಗ್ಗೆ: ಹಿಂದೆ ನಾಲ್ಕೈದು ಪಿಎಸ್‌ಐ, ಮುಂದೆ ಒಂದೆರಡು ಹೆಚ್ಚು. ಪೆಟ್ರೋಲ್ ಬಂಕಿನ ಮೀಟರು ಇಷ್ಟು ಕಡಿಮೆ ಸರಿಯಾಗಿ ತೋರಿಸಲ್ಲ, ಕಡಿಮೆ ಒತ್ತಡದ ಗೇಜ್ ಬೇರೆ ಇಟ್ಕೊಳ್ಳಿ. ಏಪ್ರಿಲ್ ಬಿಸಿಲಲ್ಲಿ ಬಂಡೆ ಕಾದು ಗಾಳಿ ಏರುತ್ತೆ, ಮಧ್ಯಾಹ್ನ ಇನ್ನೊಂದ್ಸಲ ನೋಡಿ. ಮಳೆಗಾಲದಲ್ಲಿ ಟೈರಿಗೆ ಮೆತ್ತಿದ ಕೆಮ್ಮಣ್ಣು ಒರೆಸದೆ ಕಲ್ಲಿಗೆ ಹೋಗಬೇಡಿ. ಬೆಂಗಳೂರಿನ ದಕ್ಷಿಣಕ್ಕಿರೋ ತುರಹಳ್ಳಿ ಕಾಡು ಅರಣ್ಯ ಇಲಾಖೆಯ ಜಾಗ, ಎಂಜಿನ್ ಗಾಡಿ ಅಲ್ಲಿಗೆ ಬೇಡವೇ ಬೇಡ. ಯಾರದಾದರೂ ಖಾಸಗಿ ಜಮೀನಲ್ಲಿ ಕೇಳಿ ಓಡಿಸಿ.

29 ತಡ ಆಯ್ತಾ ಅಂತ ಕೊನೆಯಲ್ಲಿ ಕೇಳಿದ್ದೀರಿ. ವಿಶ್ವ ಮಟ್ಟಕ್ಕೆ ತಡವೇ, ಅವರೆಲ್ಲ ಮಕ್ಕಳಾಗಿದ್ದಾಗಲೇ ಶುರು ಮಾಡಿದವರು. ನಿಮ್ಮ ಸುತ್ತಲಿನವರು ಟೀ ಲೋಟ ಕೆಳಗಿಟ್ಟು ನೋಡೋ ಹಾಗೆ ಓಡಿಸೋಕೆ ಖಂಡಿತ ತಡ ಆಗಿಲ್ಲ. ನನಗೆ ಈಗ 43. ಮೊನ್ನೆ ಭಾನುವಾರದ ನೋಟ್‌ಬುಕ್ಕಲ್ಲಿ ಹತ್ತಕ್ಕೆ ಏಳು ಇದೆ. ಹೋದ ಮೂರರಲ್ಲಿ ಎರಡು ಬಲಕ್ಕೆ ತಿರುಗೋ ಜಾಗ. ಎಲ್ಲರಿಗೂ ಒಂದು ಕಡೆ ಸಲೀಸು, ಇನ್ನೊಂದು ಕಡೆ ಕಷ್ಟ ಇರುತ್ತೆ, ನಾನು ಬಲಗಡೆಯನ್ನ ಹದಿನಾಲ್ಕು ವರ್ಷದಿಂದ ‘ನಾಳೆ ನೋಡೋಣ’ ಅಂತ ಮುಂದೂಡಿಕೊಂಡು ಬಂದಿದ್ದೀನಿ. ನಿಮ್ಮದು ಯಾವ ಕಡೆ?