ಉಪಪ್ರಧಾನಿ ತಾನಾಗಿಯೇ ಪ್ರಧಾನಿ ಆಗಲ್ಲ

ಪರೀಕ್ಷೆಯಲ್ಲಿ ನ್ಯೂಜಿಲೆಂಡ್ ಬಗ್ಗೆ ಕೇಳಿದ ಪ್ರಶ್ನೆಯ ಉತ್ತರದಲ್ಲಿ "ಪ್ರಧಾನಿ ರಾಜೀನಾಮೆ ಕೊಟ್ಟರೆ ಉಪಪ್ರಧಾನಿಯೇ ಪ್ರಧಾನಿ" ಅಂತ ಬರೆದಿದ್ದೀರಲ್ಲ, ಬಹುಶಃ ಮಾರ್ಕ್ಸ್ ಹೋಗಿದ್ದು ಅಲ್ಲೇ. ಅದು ಅಮೆರಿಕದ ಉಪಾಧ್ಯಕ್ಷರ ಲೆಕ್ಕ.

ಮೊದಲು ಆ ಸಾಲು ಹೊಡೆದುಹಾಕಿ. ಆಮೇಲೆ ಎರಡು ಉದಾಹರಣೆ ಪಕ್ಕಪಕ್ಕ ಇಡಿ: 2018ರಲ್ಲಿ ಆಗಿನ ಪ್ರಧಾನಿ ಜಸಿಂಡಾ ಆರ್ಡರ್ನ್ ಹೆರಿಗೆ ರಜೆಗೆ ಹೋದಾಗ ಉಪಪ್ರಧಾನಿ ವಿನ್‌ಸ್ಟನ್ ಪೀಟರ್ಸ್ ಆರು ವಾರ ಹಂಗಾಮಿ ಪ್ರಧಾನಿ ಆಗಿದ್ದರು, ಆದರೆ 2023ರ ಜನವರಿಯಲ್ಲಿ ಆರ್ಡರ್ನ್ ರಾಜೀನಾಮೆಯನ್ನೇ ಕೊಟ್ಟಾಗ ಆಗಿನ ಉಪಪ್ರಧಾನಿ ಗ್ರಾಂಟ್ ರಾಬರ್ಟ್‌ಸನ್ ನಾಯಕತ್ವಕ್ಕೆ ನಿಲ್ಲಲೇ ಇಲ್ಲ, ಅವರ ಲೇಬರ್ ಪಕ್ಷ ಕ್ರಿಸ್ ಹಿಪ್ಕಿನ್ಸ್ ಅವರನ್ನು ಆರಿಸಿತು. ರಜೆ ಬೇರೆ, ಖಾಲಿ ಕುರ್ಚಿ ಬೇರೆ, ಅಲ್ವಾ?

ಜಾಗ ಉಳಿದರೆ ಸಮ್ಮಿಶ್ರ ಸರ್ಕಾರದ ಮಾತೂ ಸೇರಿಸಿ. ಮೈತ್ರಿ ಪಕ್ಷಗಳ ಒಪ್ಪಂದದ ಪ್ರಕಾರ 2025ರ ಮೇ 31ಕ್ಕೆ, ಮತ್ತೆ ಉಪಪ್ರಧಾನಿಯಾಗಿದ್ದ ಪೀಟರ್ಸ್ ಇಳಿದು ಡೇವಿಡ್ ಸೀಮೋರ್ ಉಪಪ್ರಧಾನಿಯಾದರು.